ಅವರು ಎಲ್ಲಿ ನಿಂತಿದ್ದರು?

ಕೋಲಾರದಲ್ಲಿ ಎಂಟು ವರ್ಷದಿಂದ ಮದುವೆ ಫೋಟೊ ತೆಗೆಯುತ್ತಿದ್ದೇನೆ. ಮದುವೆಮನೆಯಲ್ಲಿ "ಸ್ವಲ್ಪ ಈ ಕಡೆ ಸರಿಯಿರಿ" ಅಂದರೆ ಜನ ಸರಿಯುತ್ತಾರೆ. ಬೀದಿಯಲ್ಲಿ ಫೋಟೊ ತೆಗೆಯುವಾಗ ಹಾಗಲ್ಲ, ಸರಿಯಬೇಕಾದವರು ನಾವೇ. ಎಲ್ಲಿಗೆ ಸರಿಯಬೇಕು ಅನ್ನುವುದನ್ನು ನನಗೆ ಕಲಿಸಿದ್ದು ಹಿರಿಯ ಛಾಯಾಗ್ರಾಹಕರು ತೆಗೆದ ಚಿತ್ರಗಳು.

ಫೋನಿನಲ್ಲಿ ಸುಮ್ನೆ ನೂರು ಫೋಟೊ ಸರಿಸುತ್ತಾ ಹೋದರೆ ತಲೆಯಲ್ಲಿ ಒಂದೂ ನಿಲ್ಲುವುದಿಲ್ಲ. ಒಂದೇ ಒಂದು ಚಿತ್ರ ಆರಿಸಿಕೊಳ್ಳಿ. ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಊಟಕ್ಕೆ ಕೂರುವ ಜಾಗದ ಎದುರು ಗೋಡೆಗೆ ಅಂಟಿಸಿ. ಒಂದು ವಾರ ಬೇರೆ ಯಾವುದನ್ನೂ ನೋಡಬೇಡಿ.

ನಾನು ಮೊದಲು ಅಂಟಿಸಿದ್ದು ಫ್ರೆಂಚ್ ಛಾಯಾಗ್ರಾಹಕ ಹೆನ್ರಿ ಕಾರ್ಟಿಯರ್ ಬ್ರೆಸನ್ ಅವರ ಚಿತ್ರ. 1932ರಲ್ಲಿ ಫ್ರಾನ್ಸಿನ ಇಯೇರ್ ಎಂಬ ಊರಿನಲ್ಲಿ ತೆಗೆದದ್ದು. ಮೇಲಿನಿಂದ ಸುತ್ತಿಕೊಂಡು ಇಳಿಯುವ ಮೆಟ್ಟಿಲು, ಅದರ ಕಬ್ಬಿಣದ ಕಂಬಿ, ಕೆಳಗಿನ ರಸ್ತೆಯಲ್ಲಿ ಹಾದುಹೋಗುವ ಒಬ್ಬ ಸೈಕಲ್ ಸವಾರ. ಇಷ್ಟೇ. ಬಟರ್ ಪೇಪರ್ ಇಟ್ಟು ಪೆನ್ಸಿಲ್‌ನಲ್ಲಿ ಬರೀ ಗೆರೆಗಳನ್ನು ತಿದ್ದಿದೆ. ಮೆಟ್ಟಿಲು, ಕಂಬಿ, ರಸ್ತೆಯ ಅಂಚು ಎಲ್ಲವೂ ಬಾಗಿ ಬಾಗಿ ಆ ಸೈಕಲ್ಲಿನ ಕಡೆಗೇ ಕಣ್ಣನ್ನು ಕರೆದೊಯ್ಯುತ್ತವೆ. ಬೆರಳಿನಿಂದ ಸೈಕಲ್ ಮುಚ್ಚಿದೆ. ಗೆರೆಗಳು ಹಾಗೇ ಚೆನ್ನಾಗಿವೆ, ಆದರೆ ಮನೆಯಲ್ಲಿ ಯಾರೂ ಇಲ್ಲದ ಹಾಗೆ ಕಾಣುತ್ತದೆ.

ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಅವರು ಎಲ್ಲಿ ನಿಂತಿದ್ದರು? ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿತ್ತು? ಯಾವುದು ಚೂಪಾಗಿ, ಅಂದರೆ ಸ್ಪಷ್ಟವಾಗಿ ಬಂದಿದೆ, ಯಾವುದು ಅಲುಗಿ ಮಸುಕಾಗಿದೆ? ಇಲ್ಲಿ ಮೆಟ್ಟಿಲು ಚೂಪು, ಸೈಕಲ್ ಅಲುಗಿದೆ. ಅಂದರೆ ಕ್ಯಾಮೆರಾ ಅಲ್ಲಾಡಿಲ್ಲ, ಶಟರ್ (ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು) ನಿಧಾನವಾಗಿತ್ತು. ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. ಮೊದಲು ಜಾಗ, ಆಮೇಲೆ ಜನ. ನಾನು ಇಷ್ಟು ದಿನ ಜನರ ಹಿಂದೆ ಓಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮೂರ ಅಂತರಗಂಗೆ ಬೆಟ್ಟಕ್ಕೆ ಹೋದೆ. ಕಲ್ಲಿನ ಮೆಟ್ಟಿಲು ಅರ್ಧ ಹತ್ತಿ, ತಿರುಗಿ ಕೆಳಗೆ ನೋಡುತ್ತಾ ನಿಂತೆ. ಶಟರ್ 1/30 ಸೆಕೆಂಡ್‌ಗೆ ಇಟ್ಟೆ. ನಿಮ್ಮದು ಫೋನಾದರೆ, ಅದರಲ್ಲಿ ಪ್ರೊ ಮೋಡ್ (ಶಟರ್ ಅನ್ನು ನಾವೇ ಹೊಂದಿಸುವ ಆಯ್ಕೆ) ಇದ್ದರೆ ಅಲ್ಲೂ ಇದೇ ಸಿಗುತ್ತದೆ. ಮೊಣಕೈಯನ್ನು ಪಕ್ಕದ ಗೋಡೆಗೋ ಬಂಡೆಗೋ ಊರಿಕೊಳ್ಳಿ, ಇಲ್ಲದಿದ್ದರೆ ಮೆಟ್ಟಿಲೂ ಅಲುಗುತ್ತದೆ. ಚೌಕಟ್ಟು ಗೊತ್ತು ಮಾಡಿಕೊಂಡು ನಲವತ್ತು ನಿಮಿಷ ಕಾದೆ. ಮೊದಲು ಬಂದದ್ದು ಕೋತಿ. ಆಮೇಲೆ ಹಣ್ಣುಕಾಯಿ ತಟ್ಟೆ ಹಿಡಿದ ಒಬ್ಬ ಹೆಂಗಸು ಬೇಗಬೇಗ ಹತ್ತಿ ಬಂದರು. ಅವರ ಸೆರಗು ಅಲುಗಿತ್ತು, ಕಲ್ಲು ಅಲುಗಿರಲಿಲ್ಲ. ಮನೆಗೆ ಬಂದು ಗೋಡೆಯ ಮೇಲಿನ ಚಿತ್ರದ ಪಕ್ಕ ನನ್ನದನ್ನೂ ಅಂಟಿಸಿದೆ. ನನ್ನ ಮೆಟ್ಟಿಲುಗಳು ಕಣ್ಣನ್ನು ಬಲಗಡೆ ಮೂಲೆಯಿಂದ ಹೊರಗೆ ತಳ್ಳುತ್ತಿದ್ದವು. ಮುಂದಿನ ಭಾನುವಾರ ನಾಲ್ಕು ಮೆಟ್ಟಿಲು ಕೆಳಗೆ ನಿಂತೆ. ಸರಿಹೋಯಿತು.

ಎರಡನೆಯದಾಗಿ ವಿವಿಯನ್ ಮೇಯರ್ ಚಿತ್ರ ಹಾಕಿ. ಅಮೆರಿಕದ ಶಿಕಾಗೊದಲ್ಲಿ ಬೇರೆಯವರ ಮನೆಯ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾ, ಬಿಡುವಿನಲ್ಲಿ ಬೀದಿಯ ಫೋಟೊ ತೆಗೆದವರು ಅವರು. ಅವರ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನಿಂದ ನೋಡಬೇಕು. ಅದಕ್ಕೇ ಆ ಚಿತ್ರಗಳಲ್ಲಿ ಜನ ಎತ್ತರವಾಗಿ ಕಾಣುತ್ತಾರೆ. ಇದನ್ನು ಕಲಿಯಲು ನಮ್ಮ ಟೊಮೆಟೊ ಮಂಡಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಜೂನ್, ಜುಲೈ ಸೀಸನ್‌ನಲ್ಲಿ 15 ಕೆ.ಜಿ. ಬಾಕ್ಸ್‌ಗಳು ಗೋಡೆಯ ಹಾಗೆ ನಿಂತಿರುತ್ತವೆ. ಫೋನನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಸ್ವಲ್ಪ ಮೇಲಕ್ಕೆ ವಾಲಿಸಿ. ಬಾಕ್ಸ್ ಹೊತ್ತ ಹಮಾಲಿಯ ತಲೆ ಗಲಾಟೆಯಿಂದ ಬಿಡಿಸಿಕೊಂಡು ಆಕಾಶಕ್ಕೆ ಏರುತ್ತದೆ. ಆದರೆ ದಾರಿಯಲ್ಲಿ ಕೂರಬೇಡಿ. ಅವರ ತಲೆ ಮೇಲೆ ಭಾರ ಇರುತ್ತದೆ, ಅಲ್ವಾ?

ಸೊಂಟದ ಮಟ್ಟದಲ್ಲಿ ಹಿಡಿಯುವುದು ಕದ್ದು ತೆಗೆಯುವುದಕ್ಕಲ್ಲ. ಟೊಮೆಟೊ ಆರಿಸುತ್ತಿದ್ದ ಒಬ್ಬ ಅಜ್ಜಿಯನ್ನು ನಾನು ಹಾಗೆ ತೆಗೆದೆ. ಅವರಿಗೆ ಗೊತ್ತಾಗಿ, "ಫೋಟೊ ಎಂದುಕು ನಾಯನಾ?" (ಫೋಟೊ ಯಾಕಪ್ಪಾ?) ಅಂತ ತೆಲುಗಿನಲ್ಲಿ ಕೇಳಿ ಸೆರಗು ಮುಖಕ್ಕೆ ಎಳೆದುಕೊಂಡರು. ಅಲ್ಲೇ ಅಳಿಸಿ ತೋರಿಸಿದೆ. ಅವತ್ತು ರಾತ್ರಿ ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ತೆಗೆದು ನೋಡಿದೆ. ಯುನಿಸೆಫ್‌ಗಾಗಿ ಮಕ್ಕಳ ಎಷ್ಟೋ ಚಿತ್ರ ತೆಗೆದವರು, 1977ರಲ್ಲಿ ಪದ್ಮಶ್ರೀ ಪಡೆದವರು. ನಾನು ನೋಡಿದ ಅವರ ಚಿತ್ರಗಳಲ್ಲಿ ಬಡವರನ್ನು ಕಂಡು ಅಯ್ಯೋ ಪಾಪ ಅನ್ನಿಸುವುದಿಲ್ಲ, ಹೋಗಿ ಮಾತಾಡಿಸೋಣ ಅನ್ನಿಸುತ್ತದೆ. ಈಗ ಮಂಡಿಗೆ ಹೋದರೆ ಮೊದಲು ಒಂದು ಟೀ, ನಾಲ್ಕು ಮಾತು. ಕ್ಯಾಮೆರಾ ಆಮೇಲೆ.

ಈ ತಿಂಗಳು ಗೋಡೆಯ ಮೇಲೆ ಛಾಯಾಗ್ರಾಹಕ ರಘುಬೀರ್ ಸಿಂಗ್ ಇದ್ದಾರೆ. 1991ರಲ್ಲಿ ಹೌರಾದ ಫುಟ್‌ಪಾತ್ ಮೇಲಿನ ಕನ್ನಡಿ ಅಂಗಡಿ, ಬಣ್ಣದ ಚಿತ್ರ. ಒಂದೊಂದು ಕನ್ನಡಿಯಲ್ಲಿ ಬೀದಿಯ ಒಂದೊಂದು ತುಂಡು. ನಾನು ಗಡಿಯಾರ ಗೋಪುರದ ಹತ್ತಿರ ಒಂದು ಕಟಿಂಗ್ ಶಾಪ್ ಹುಡುಕಿಕೊಂಡಿದ್ದೇನೆ. ಮಾಲೀಕರನ್ನು ಕೇಳಿ ಒಪ್ಪಿಗೆ ಪಡೆದಿದ್ದೇನೆ. ಒಳಗೆ ಮೂರು ಕನ್ನಡಿ. ಸಂಜೆ ನಾಲ್ಕೂವರೆಗೆ ಎದುರಿನ ಹೂವಿನ ಗಾಡಿ ಎರಡನೇ ಕನ್ನಡಿಯೊಳಗೆ ಬರುತ್ತದೆ, ಬಿಸಿಲೂ ಅದರ ಮೇಲೇ ಬೀಳುತ್ತದೆ. ಮೊದಲನೆಯದರಲ್ಲಿ ಗಿರಾಕಿಯ ನೊರೆ ಹಚ್ಚಿದ ಗಲ್ಲ. ಮೂರನೆಯದು ಇನ್ನೂ ಖಾಲಿ. ಅಲ್ಲಿಗೆ ಯಾರಾದರೂ ಬರಲಿ ಅಂತ ಆರು ಸಂಜೆಯಿಂದ ಕಾಯುತ್ತಿದ್ದೇನೆ.