ಚಿಗುರಿನ ದಿನ ಎಣಿಸಿ ಕಿತ್ತಳೆ ಉಳಿಸಿಕೊಂಡೆ

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದ ನಡುವೆ ಸುಮಾರು 250 ಕೊಡಗಿನ ಕಿತ್ತಳೆ ಗಿಡಗಳಿದ್ದು, ಮತ್ತೆ ಮತ್ತೆ ಔಷಧಿ ಹೊಡೆಸಿದರೂ ನಾಲ್ಕು ವರ್ಷ ಎಲೆಯೊಳಗೇ ಕೊರೆಯುತ್ತ ರಂಗೋಲಿಯಂಥ ಗೀರು ಬಿಡುವ ರಂಗೋಲಿ ಹುಳುವಿಗೆ ಸೋತೆ. ಕೂಲಿ, ಔಷಧಿ, ಪೆಟ್ರೋಲು ಸೇರಿ ವರ್ಷಕ್ಕೆ 40,000 ರೂಪಾಯಿಯ ಹತ್ತಿರ ಹೋಗುತ್ತಿತ್ತು. ಎಲೆಯ ಮೇಲೆ ರಂಗೋಲಿ ಕಂಡ ಮೇಲೆ ಪಂಪು ಹೊರುತ್ತಿದ್ದುದೇ ತಪ್ಪು. ಅಷ್ಟರಲ್ಲಿ ಹುಳು ಎಲೆಯಂಚನ್ನು ಮಡಚಿ ಕೋಶ ಕಟ್ಟಿಕೊಂಡಿರುತ್ತಿತ್ತು.

ಆಮೇಲೆ ಮೂವತ್ತು ಚಿಗುರುಗಳಿಗೆ ಬಣ್ಣದ ದಾರ ಕಟ್ಟಿ, ಭೂತಗನ್ನಡಿ ಹಿಡಿದು ದಿನವೂ ನೋಡತೊಡಗಿದೆ. ಚಿಗುರು ಭತ್ತದ ಕಾಳಿನಷ್ಟಿದ್ದಾಗಲೇ ಬಿಚ್ಚದ ಎಲೆಗಳ ಸಂದಿಯಲ್ಲಿ, ಚಿಗುರಿನ ರಸ ಹೀರುವ ಸಿಲ್ಲಾ ಕೀಟದ ಹಳದಿ ಮೊಟ್ಟೆಗಳಿದ್ದವು. ಎಲೆ ಬಿಚ್ಚಿಕೊಳ್ಳುವಾಗ ರಂಗೋಲಿ ಹುಳು ಒಳಹೊಕ್ಕಿತು. ಮೂರು ವಾರ ಕಳೆದು, ಮಡಚಿದರೆ ಚಟ್ಟನೆ ಮುರಿಯುವಷ್ಟು ಬಲಿತ ಎಲೆಯಲ್ಲಿ ಹೊಸ ಗೀರು ಒಂದೂ ಬೀಳಲಿಲ್ಲ. ಬಲಿತ ಎಲೆಗೆ ಅಂಟಿ ರಸ ಹೀರುವ ಶಲ್ಕ ಕೀಟಗಳ ಲೆಕ್ಕವೇ ಬೇರೆ, ಅವನ್ನು ನಾನು ಅವುಗಳನ್ನು ತಿನ್ನುವ ಗುಲಗಂಜಿ ಹುಳುಗಳಿಗೇ ಬಿಟ್ಟಿದ್ದೇನೆ.

"ಹುಳುವಿಗೂ ಪಂಚಾಂಗ ನೋಡುತ್ತೀಯೇನೋ?" ಎಂದು ದೊಡ್ಡಪ್ಪ ಕೇಳಿದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು: ಒಂದು ಸಿಂಪಡಣೆ ಮೃಗಶಿರಾ ಮಳೆಗೆ ತೊಳೆದುಹೋಯಿತು, ಇನ್ನೊಂದನ್ನು ಲೀಟರಿಗೆ 10 ಮಿಲಿ ಬೇವಿನ ಎಣ್ಣೆ ಹಾಕಿ ಸುಡು ಬಿಸಿಲಲ್ಲಿ ಹೊಡೆಸಿ ಎಳೆಯ ಎಲೆಗಳನ್ನೆಲ್ಲ ಸುಟ್ಟುಕೊಂಡೆ. ಈಗ ಅರ್ಧದಷ್ಟು ಗಿಡಗಳಲ್ಲಿ ಚಿಗುರು ಬೆರಳ ಗೆಣ್ಣಿನಷ್ಟಾದ ಕೂಡಲೇ ಲೀಟರಿಗೆ 5 ಮಿಲಿಯಂತೆ ಬೇವಿನ ಎಣ್ಣೆಯನ್ನು ಸಾಬೂನಿನೊಂದಿಗೆ ಬೆರೆಸಿ, ಸಂಜೆ ಒಮ್ಮೆ, ಎಂಟು ದಿನ ಬಿಟ್ಟು ಇನ್ನೊಮ್ಮೆ ಹೊಡೆಸುತ್ತೇನೆ. ಎಲೆ ಬಲಿತ ಮೇಲೆ ಪಂಪು ಮುಟ್ಟುವುದಿಲ್ಲ.

ಮರಿಹುಳುಗಳಾಗಿ ಕಿತ್ತಳೆ ಎಲೆ ತಿನ್ನುವ ನಿಂಬೆ ಚಿಟ್ಟೆಯನ್ನು ಅತ್ತ ಸೆಳೆಯೋಣವೆಂದು ಬೇಲಿಯುದ್ದಕ್ಕೂ ಕರಿಬೇವು ನೆಟ್ಟದ್ದೂ ಉಂಟು. ಚಿಟ್ಟೆಯ ಹುಳುಗಳೇನೋ ಬಂದವು, ಆದರೆ ಸಿಲ್ಲಾ ಕೂಡ ಅಲ್ಲೇ ಮರಿ ಮಾಡತೊಡಗಿದ್ದರಿಂದ ಅಷ್ಟನ್ನೂ ಕೀಳಿಸಿದೆ.

ಈ ಕ್ರಮ ಫಲಿಸಬೇಕಾದರೆ ಗಿಡಗಳು ಒಟ್ಟಿಗೆ ಚಿಗುರಬೇಕು. ಅದಕ್ಕಾಗಿ ಹೊತ್ತಲ್ಲದ ಹೊತ್ತಿನಲ್ಲಿ ನೆಟ್ಟಗೆ ಸೊಕ್ಕಿ ಬರುವ ನೀರುಚಿಗುರನ್ನು ಚಿವುಟಿಸುತ್ತೇನೆ, ಯೂರಿಯಾ ಕಡಿಮೆ ಮಾಡಿದ್ದೇನೆ. ಗೊಬ್ಬರದ ದಿನಗಳನ್ನು ಹೇಗೆ ಹಿಂದೆಮುಂದೆ ಮಾಡಿದೆನೆಂಬುದನ್ನು ಮಾತ್ರ ಇನ್ನೊಂದು ಹಂಗಾಮು ನೋಡಿಯೇ ಹೇಳುತ್ತೇನೆ. ಕಳೆದ ವರ್ಷದ ಖರ್ಚು 12,000 ದಾಟಲಿಲ್ಲ, ಹತ್ತು ಎಲೆಗಳಲ್ಲಿ ಒಂದೆರಡಕ್ಕಷ್ಟೇ ಗೀರು ಬಿದ್ದಿತ್ತು. ದೊಡ್ಡಪ್ಪನವರೂ ಈ ಸಲ ತಮ್ಮ ಗಿಡಗಳಿಗೆ ಕೆಂಪು ದಾರ ಕಟ್ಟಿಸಿದ್ದಾರೆ.