ಯೂರಿಕ್ ಆಮ್ಲ ಹೆಚ್ಚಿದೆಯೇ? ಬೇಳೆ ಬಿಡುವ ಮೊದಲು ಇದನ್ನು ಓದಿ

ರಕ್ತಪರೀಕ್ಷೆಯ ವರದಿಯಲ್ಲಿ ಯೂರಿಕ್ ಆಮ್ಲ 7.4 ಎಂದು ಬಂದರೆ ಸಾಕು, ಅನೇಕ ಮನೆಗಳಲ್ಲಿ ಮೊದಲು ನಿಲ್ಲುವುದು ತೊಗರಿಬೇಳೆ ಸಾರು. ಅಷ್ಟು ಅವಸರ ಬೇಡ. ಈ ಆಮ್ಲ ಹೆಚ್ಚಿರುವ ಬಹುತೇಕರಿಗೆ ಗೌಟ್ ಎಂಬ ಕೀಲುಬಾವಿನ ಕಾಯಿಲೆ ಬರುವುದೇ ಇಲ್ಲ.

ಮೊದಲು ಅಂಕಿಯನ್ನು ಅರ್ಥ ಮಾಡಿಕೊಳ್ಳಿ. ಜೀವಕೋಶಗಳಲ್ಲೂ ಆಹಾರದಲ್ಲೂ ಇರುವ ಪ್ಯೂರಿನ್ ಎಂಬ ವಸ್ತು ಒಡೆದಾಗ ಯೂರಿಕ್ ಆಮ್ಲ ಉಂಟಾಗುತ್ತದೆ. ಅದರಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಹೆಚ್ಚಿನವರಲ್ಲಿ ಕೊರತೆ ಇರುವುದು ಈ ಕೆಲಸದಲ್ಲೇ. ಪ್ರತಿ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಆಮ್ಲವು ಕೀಲುಗಳಲ್ಲಿ ಸೂಜಿಯಂಥ ಹರಳುಗಳಾಗಿ ಕೂರಬಹುದು.

ನಂತರ ನೋವಿನ ಸ್ವಭಾವವನ್ನು ಗಮನಿಸಿ. ಗೌಟ್ ಸಾಮಾನ್ಯವಾಗಿ ರಾತ್ರೋರಾತ್ರಿ ಎರಗುತ್ತದೆ. ಕಾಲಿನ ಹೆಬ್ಬೆರಳಿನ ಬುಡ ಕೆಂಪಾಗಿ ಬಾತು, ಹೊದಿಕೆ ತಾಗಿದರೂ ಸಹಿಸಲಾಗದು. ಮೈಕೈ ನೋವೆಲ್ಲ ಗೌಟ್ ಅಲ್ಲ. ಬಾವಿನ ಜೊತೆ ಜ್ವರವೂ ಇದ್ದರೆ ಕೀಲಿನ ಸೋಂಕು ಇರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ನೋವು ಜೋರಾಗಿರುವಾಗ ಯೂರಿಕ್ ಆಮ್ಲದ ಮಟ್ಟ ಸಹಜವಾಗಿ ಕಾಣುವುದೂ ಉಂಟು. ಆದ್ದರಿಂದ ನೋವು ಇಳಿದು ಎರಡು ವಾರಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ.

ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರವರ್ಧಕಗಳು ಈ ಆಮ್ಲವನ್ನು ಏರಿಸುತ್ತವೆ. ಅವನ್ನು ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಊಟ. ಬೇಳೆ, ಪಾಲಕ್, ಅಣಬೆಗಳಲ್ಲಿ ಪ್ಯೂರಿನ್ ಇದ್ದರೂ ಅವು ಗೌಟ್ ಅಪಾಯವನ್ನು ಹೆಚ್ಚಿಸುವುದು ಕಂಡುಬಂದಿಲ್ಲ. ಸಸ್ಯಾಹಾರಿಗಳಿಗೆ ಬೇಳೆಯೇ ಪ್ರೋಟೀನಿನ ಆಸರೆ. ಅದನ್ನು ಕಿತ್ತುಕೊಳ್ಳುವುದು ಅನ್ಯಾಯ. ಕಡಿಮೆ ಮಾಡಬೇಕಾದದ್ದು ಬಿಯರ್ ಮತ್ತಿತರ ಮದ್ಯ, ಸಿಹಿ ತಂಪುಪಾನೀಯ, ಮಟನ್, ಲಿವರ್, ಬೂತಾಯಿಯಂಥ ಮೀನು. ಕೆನೆ ತೆಗೆದ ಮಜ್ಜಿಗೆ ಒಳ್ಳೆಯದು. ತೂಕ ಹೆಚ್ಚಿದ್ದರೆ ನಿಧಾನವಾಗಿ ಇಳಿಸಿ. ಕಠಿಣ ಉಪವಾಸದಿಂದ ಆಮ್ಲ ಏರುತ್ತದೆ.

ಮಾತ್ರೆಯ ವಿಷಯದಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಯಾವ ಲಕ್ಷಣವೂ ಇಲ್ಲದವರು ಅಂಕಿ ನೋಡಿಯೇ ಯೂರಿಕ್ ಆಮ್ಲ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆ ಕೊಂಡು ನುಂಗುತ್ತಾರೆ. ಅವರಿಗೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ. ಪದೇಪದೇ ಗೌಟ್ ಬರುವವರೋ ನೋವು ಹೋಯಿತೆಂದು ಬಿಟ್ಟುಬಿಡುತ್ತಾರೆ. ಇಂಥವರು ಮಟ್ಟವನ್ನು 6ಕ್ಕಿಂತ ಕೆಳಗೇ ಇಟ್ಟುಕೊಂಡರೆ ಮಾತ್ರ ಹರಳುಗಳು ಕರಗುತ್ತವೆ, ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಆರಂಭದ ತಿಂಗಳುಗಳಲ್ಲಿ ನೋವು ಮರುಕಳಿಸಬಹುದು, ಆಗಲೂ ಮಾತ್ರೆ ಮುಂದುವರಿಯಲಿ. ಆದರೆ ಅಲೋಪ್ಯೂರಿನಾಲ್ ಶುರು ಮಾಡಿದ ಮೇಲೆ ಮೈಮೇಲೆ ದದ್ದು ಎದ್ದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಿ.