ರಸೀದಿ ಹಿಡಿದು ಕ್ಲಾರ್ಕ್‌ನ ಚರಿತ್ರೆ ಬರೆದೆ

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ, ವರ್ಜೀನಿಯಾ ಮಿಲಿಷಿಯಾದ (ನಾಗರಿಕ ಪಡೆಯ) ಅಧಿಕಾರಿ ಜಾರ್ಜ್ ರಾಜರ್ಸ್ ಕ್ಲಾರ್ಕ್‌ನ ಜೀವನಚರಿತ್ರೆಯನ್ನು ರಸೀದಿಗಳ ಮೇಲೆ ಕಟ್ಟುತ್ತೇನೆ ಎಂದಾಗ ಬಳಗದವರು ನಕ್ಕಿದ್ದರು. ‘ಅಂಗಡಿ ಲೆಕ್ಕ ಯಾರಿಗೆ ಬೇಕು, ಯುದ್ಧ ಬರೆಯಿರಿ’ ಎಂದರು. ಈಗ ಕರಡು ಮುಗಿದಿದೆ. ನಕ್ಕವರೇ ಕೇಳಿ ಪಡೆದು ಓದುತ್ತಿದ್ದಾರೆ.

ಮೊದಲು ಎಲ್ಲರಂತೆ ನಾನೂ ಅವನ ಬರಹದಿಂದಲೇ ಹೊರಟೆ: 1779ರ ನವೆಂಬರಿನಲ್ಲಿ ವರ್ಜೀನಿಯಾದ ಮುಖಂಡ ಜಾರ್ಜ್ ಮೇಸನ್‌ಗೆ ಬರೆದ ಪತ್ರ, ವರ್ಷಗಳ ನಂತರದ ಆತ್ಮಕಥನ. ಆ ವರ್ಷದ ಫೆಬ್ರವರಿಯ ನೆರೆ, ಎದೆಮಟ್ಟದ ನೀರಿನಲ್ಲಿ ಅವನ ಸುಮಾರು 170 ಜನ, ವಿನ್ಸೆನ್ಸ್ ಕೋಟೆಯಲ್ಲಿ ಬ್ರಿಟಿಷ್ ಅಧಿಕಾರಿ ಹೆನ್ರಿ ಹ್ಯಾಮಿಲ್ಟನ್‌ನ ಶರಣಾಗತಿ. ಚೆಂದವೇ, ಆದರೆ ಅವನು ಹೇಳಿಕೊಂಡಷ್ಟೇ ಸಿಗುತ್ತದೆ. ಸೆರೆಸಿಕ್ಕ ಮೂಲನಿವಾಸಿಗಳನ್ನು ಕ್ಲಾರ್ಕ್‌ನ ಕಡೆಯವರು ಕೋಟೆಯ ಎದುರು ಕೊಡಲಿಯಿಂದ ಕೊಂದದ್ದನ್ನು ಹ್ಯಾಮಿಲ್ಟನ್‌ನ ಕಡೆಯಿಂದಲೂ ಓದಬೇಕು. ಬರೆದಿದ್ದ ಅಧ್ಯಾಯಗಳನ್ನು ಬದಿಗಿಟ್ಟೆ.

ಕಳೆದೇಹೋದವು ಎಂದುಕೊಂಡಿದ್ದ ಅವನ ರಸೀದಿಗಳು 1913ರಲ್ಲಿ ವರ್ಜೀನಿಯಾದ ರಾಜಧಾನಿ ರಿಚ್ಮಂಡ್‌ನ ಸರ್ಕಾರಿ ಕಟ್ಟಡವೊಂದರ ಅಟ್ಟದಲ್ಲಿ ಸಿಕ್ಕವು, 20 ಸಾವಿರದ ಆಸುಪಾಸು. ಹಿಟ್ಟು, ತಾಫಿಯಾ ಎಂಬ ಕಬ್ಬಿನ ಸಾರಾಯಿ, ಮದ್ದು, ಬಟ್ಟೆ. ವರ್ಜೀನಿಯಾದ ಕಾಗದದ ಹಣವನ್ನು ಇಲಿನಾಯ್ ಸೀಮೆಯ ವರ್ತಕರು ನಂಬದಾದಾಗ ಅವನು ತನ್ನ ಹೆಸರಿನಲ್ಲೇ ಸಾಲ ಎತ್ತಿದ. ಆಮೇಲೆ ರಾಜ್ಯ ಕೈತೊಳೆದುಕೊಂಡಿತು. 1818ರಲ್ಲಿ ಸಾಯುವವರೆಗೂ ಸಾಲ ಅವನನ್ನು ಬಿಡಲಿಲ್ಲ. ವಿನ್ಸೆನ್ಸ್ ದಂಡಯಾತ್ರೆ ನಡೆದದ್ದು ಮೂರು ವಾರ. ಪುಸ್ತಕದಲ್ಲಿ ಯಾವುದಕ್ಕೆ ಹೆಚ್ಚು ಪುಟ ಕೊಡಬೇಕು, ನೀವೇ ಹೇಳಿ.

ಮೈಕ್ರೋಫಿಲ್ಮ್ ನಕಲುಗಳಿಗೆ ನಾನೂರು ಡಾಲರಿನಷ್ಟು ಸುರಿದೆ. ಅರ್ಧಕ್ಕರ್ಧ ಬರೀ ಕಪ್ಪು. ದುಡ್ಡು ಕೊಟ್ಟು ಓದಿಸಿದರೆ ಫ್ರೆಂಚ್ ವರ್ತಕರ ಹೆಸರುಗಳನ್ನೆಲ್ಲ ಕೆಡಿಸಿಟ್ಟರು, ಅದೂ ಹೋಯಿತು. ತಾರೀಖಿನಂತೆ ಜೋಡಿಸಿದಾಗ ಏನೂ ಹೊರಡಲಿಲ್ಲ. ಸರಕು ಕೊಟ್ಟವರ ಹೆಸರಿನಂತೆ ಜೋಡಿಸಿದ ಮೇಲೆಯೇ ಯಾವ ವರ್ತಕ ಯಾವಾಗ ಉದ್ದರಿ ನಿಲ್ಲಿಸಿದ, ಕ್ಲಾರ್ಕ್ ಮುಂದೆ ಯಾರ ಬಾಗಿಲಿಗೆ ಹೋದ ಎಂಬುದು ಕಣ್ಣಿಗೆ ಬಿತ್ತು. ಆ ಅಧ್ಯಾಯವೇ ಪುಸ್ತಕದ ಬೆನ್ನೆಲುಬು, ಜಂಬವೆಂದರೂ ಸರಿ. ಸಹಿಯ ಬದಲು ಬರೀ ಗೀಟು ಹಾಕಿದ ಸೈನಿಕರನ್ನು ಗುರುತಿಸಿದ ಬಗೆ ಮಾತ್ರ ಅಚ್ಚಾಗುವವರೆಗೆ ನನ್ನಲ್ಲೇ ಇರಲಿ.

ನಡುವೆ ಹೆಬ್ಬಾತಿನ ಗರಿ ಕೆತ್ತಿ, ಓಕ್ ಮರದಲ್ಲಿ ಕೀಟಗಳಿಂದ ಮೂಡುವ ಗಂಟುಗಳಿಂದ ಶಾಯಿ ಕುದಿಸಿ ಬರೆದೂ ನೋಡಿದೆ. ಕೆಲವು ಪದಕ್ಕೊಮ್ಮೆ ಅದ್ದಬೇಕು. ಅದ್ದಿದ ಕೂಡಲೇ ಅಕ್ಷರ ದಪ್ಪ, ಬರುಬರುತ್ತಾ ತೆಳು. ಈ ಏರಿಳಿತ ಅಭ್ಯಾಸವಾದರೆ ರಸೀದಿಯಲ್ಲಿ ಆಮೇಲೆ ತುರುಕಿದ ಅಂಕಿಯ ಬಗ್ಗೆ ಅನುಮಾನ ಹುಟ್ಟುತ್ತದೆ. ಶಾಯಿಯ ವಾಸನೆಗೆ ಮನೆಯವರು ನನ್ನನ್ನು ಗ್ಯಾರೇಜಿಗೆ ಅಟ್ಟಿದರು.

ಈಗ ಹಿಡಿದಿರುವುದು ಕ್ಲಾರ್ಕ್‌ನಿಗೆ ಸಾಲ ಕೊಟ್ಟ ಫ್ರಾನ್ಸಿಸ್ ವಿಗೋನ ಲೆಕ್ಕ. ಅವನು ತೀರಿಕೊಂಡದ್ದು 1836ರಲ್ಲಿ, ವಾರಸುದಾರರಿಗೆ ಹಣ ಬಂದದ್ದು 1870ರ ದಶಕದಲ್ಲಿ. ಆ ಕಡತದ ನಕಲಿಗೆ ಮುನ್ನೂರು ಡಾಲರು ಕೇಳುತ್ತಿದ್ದಾರೆ, ಚೌಕಾಸಿ ನಡೆದಿದೆ.